ಚುಕ್ಕೆಯ ಹಿಂದಿನ ಊರು

ಕನ್ನಡದ ಅಕ್ಷರಗಳಲ್ಲಿ ದೊಡ್ಡವು, ಚಿಕ್ಕವು ಎಂಬುದಿಲ್ಲ. ಅರಸನ ಹೆಸರಿಗೂ ಆಳಿನ ಹೆಸರಿಗೂ ಇರುವುದು ಅದೇ ‘ಅ’. ಇಂಗ್ಲಿಷ್ ಕಲಿಯಲು ಕೂತ ಮಗುವಿಗೆ ಮೊದಲು ಸಿಗುವುದು ಒಂದೇ ಅಕ್ಷರದ ಎರಡು ರೂಪ. ಯಾವಾಗ ಯಾವುದು ಎಂಬ ಕಾನೂನು ಆಮೇಲೆ ಬರುತ್ತದೆ, ಕೆಂಪು ಶಾಯಿಯಲ್ಲಿ.

*

“ಸೋಮವಾರಕ್ಕೆ ಕ್ಯಾಪಿಟಲ್ ಲೆಟರ್, ಬೇಸಿಗೆಗೆ ಯಾಕಿಲ್ಲ ಸಾ?” ಎಂದು ನಾಗಮಂಗಲದ ಕಡೆಯ ಹುಡುಗ ಕೇಳಿದರೆ ಮೇಷ್ಟ್ರು ಪ್ರಾಮಾಣಿಕವಾಗಿ ಹೇಳಬಹುದಾದ ಉತ್ತರ “ರೂಢಿ ಕಣಪ್ಪ” ಎಂಬುದೊಂದೇ. ವಾರ, ತಿಂಗಳು, ಹಬ್ಬಗಳಿಗೆ ದೊಡ್ಡಕ್ಷರ, ಋತುಗಳಿಗಿಲ್ಲ. ಯುಗಾದಿಗೆ ಸಿಕ್ಕ ಮರ್ಯಾದೆ ವಸಂತಕ್ಕೆ ಸಿಗಲಿಲ್ಲ. ವೇಳಾಪಟ್ಟಿಯಲ್ಲೂ ಅಷ್ಟೆ: ವಾಕ್ಯದ ನಡುವೆ ಬಂದಾಗ ಕನ್ನಡ, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಗಣಿತ, ವಿಜ್ಞಾನ ಚಿಕ್ಕಕ್ಷರದಲ್ಲಿ. ಗಣಿತದ ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು.

*

ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಪರವಾಗಿ ನಿಂತ ಫ್ರೆಂಚ್ ಸಿಪಾಯಿಗಳ ಬಿಡಾರ ಇದ್ದುದರಿಂದ, ಇಂದಿನ ಪಾಂಡವಪುರವಾದ ಹಿರೋಡೆಗೆ ಬ್ರಿಟಿಷರ ಕಾಗದಪತ್ರಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಾಯಿತು. ‘ರಾಕ್ಸ್’ನ ಮೊದಲಕ್ಷರ ದೊಡ್ಡದಾದರೆ ಅದೊಂದು ಊರು. ಚಿಕ್ಕದಾದರೆ ಬರೀ ಫ್ರೆಂಚರ ಬಂಡೆಗಳು. ದೊಡ್ಡಕ್ಷರದ ಪಾಠವನ್ನು ಈ ಒಂದು ಹೆಸರಿನಲ್ಲೇ ಮುಗಿಸಬಹುದು.

*

ಶ್ರೀರಂಗಪಟ್ಟಣವನ್ನು ಇಂಗ್ಲಿಷರು ‘ಸೆರಿಂಗಪಟಮ್’ ಮಾಡಿದರು. ಹೆಸರು ಹಾಳಾಯಿತು, ದೊಡ್ಡ ಎಸ್ ಮಾತ್ರ ಎಂದೂ ತಪ್ಪಲಿಲ್ಲ. ನಿಯಮ ಪಾಲಿಸಿದವರೆಲ್ಲ ಗೌರವ ಕೊಟ್ಟವರೇನಲ್ಲ.

*

ಟಿಪ್ಪು ಬದುಕಿದ್ದಾಗಲೇ, 1787ರಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲಪ್ರತಿಯನ್ನು ನೋಡಿ. ವಾಕ್ಯದ ನಡುವೆಯೂ ನಾಮಪದಗಳಿಗೆ ದೊಡ್ಡಕ್ಷರ. ಅಂದಿನ ಇಂಗ್ಲಿಷಿಗೆ ಅದು ಒಪ್ಪಿತವಾಗಿತ್ತು. ಜರ್ಮನ್ ಭಾಷೆಗೆ ಇಂದಿಗೂ ಒಪ್ಪಿತ. ನಮ್ಮ ಹತ್ತನೆಯ ತರಗತಿಯ ಹುಡುಗಿ ಹಾಗೆ ಬರೆದರೆ ಅಂಕ ಹೋಗುತ್ತದೆ. ಅವಳು ದಡ್ಡಿಯಲ್ಲ, ಇನ್ನೂರು ವರ್ಷ ತಡವಾಗಿ ಹುಟ್ಟಿದವಳು.

*

‘ನಾನು’ ಎನ್ನುವ ಐ ಅಕ್ಷರವನ್ನು ಇಂಗ್ಲಿಷರು ದೊಡ್ಡದಾಗಿ ಬರೆಯುವುದು ಅಹಂಕಾರದಿಂದ ಎಂದು ಭಾಷಣಗಳಲ್ಲಿ ಕೇಳಿದ್ದೇವೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ವಿದ್ವಾಂಸರು ಕೊಡುವ ಕಾರಣ ಸಪ್ಪೆಯಾದದ್ದು: ಕೈಬರಹದಲ್ಲಿ ಒಂಟಿಯಾಗಿ ನಿಂತ ಆ ಪುಟ್ಟ ಗೆರೆ ಅಕ್ಕಪಕ್ಕದ ಪದಗಳ ನಡುವೆ ಕಾಣದೆ ಹೋಗುತ್ತಿತ್ತು, ಕಾಣಲೆಂದು ಉದ್ದ ಮಾಡಿದರು.

*

ಇಂಗ್ಲಿಷಿನಲ್ಲಿ ದೇವರು ಒಬ್ಬನೇ ಆದರೆ ದೊಡ್ಡ ಜಿ, ಹಲವರಾದರೆ ಚಿಕ್ಕ ಜಿ. ಮೇಲುಕೋಟೆಯಲ್ಲಿ ಚೆಲುವನಾರಾಯಣನೂ ಇದ್ದಾನೆ, ಬೆಟ್ಟದ ತುದಿಯಲ್ಲಿ ಯೋಗಾನರಸಿಂಹನೂ ಇದ್ದಾನೆ. ಇಬ್ಬರಿಗೂ ಸ್ವಂತ ಹೆಸರಿರುವುದರಿಂದ ಬಚಾವ್.

*

ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ತಾಲ್ಲೂಕುಗಳ ಹಳೆಯ ಶಾಸನಗಳ ಮುಂದೆ ನಿಂತರೆ ಪದದಿಂದ ಪದಕ್ಕೆ ತೆರಪು ಕಾಣುವುದಿಲ್ಲ. ಅಕ್ಷರಗಳು ಸಾಲಾಗಿ ಹರಿಯುತ್ತವೆ. ಎಲ್ಲೋ ಒಂದೆಡೆ, ಪದ್ಯ ಮುಗಿದಲ್ಲಿ, ನಿಂತ ಗೆರೆ. ಬಿಡಿಸಿ ಓದುವುದು ಓದುಗನ ಕೆಲಸ. ರೋಮನ್ನರೂ ಒಂದು ಕಾಲದಲ್ಲಿ ಹೀಗೆಯೇ ಬರೆದರು. ಬಿ. ಎಲ್. ರೈಸ್ ಈ ಭಾಗದ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1894 ಮತ್ತು 1898ರ ಸಂಪುಟಗಳಲ್ಲಿ ಅಚ್ಚು ಹಾಕಿಸಿದಾಗ ಇಂಗ್ಲಿಷ್ ಅನುವಾದವನ್ನೂ ಕೊಟ್ಟರು. ಕಲ್ಲು ಕೇಳದ ಪ್ರಶ್ನೆಗೆ ಅನುವಾದಕ ಉತ್ತರ ಕೊಡಬೇಕಾಯಿತು: ಇದು ವ್ಯಕ್ತಿಯ ಹೆಸರೋ, ಬಿರುದೋ, ಬರೀ ಹೊಗಳಿಕೆಯೋ? ದೊಡ್ಡಕ್ಷರ ಹಾಕಿದ ಕಡೆಯೆಲ್ಲ ಒಂದು ತೀರ್ಮಾನ ಅಡಗಿದೆ.

*

ಕಾಮಾ ಗದ್ದೆಯ ಬದು. ಇಲ್ಲದಿದ್ದರೆ ಪಕ್ಕದವನ ಜೊತೆ ತಕರಾರು, ಅಗಲವಾದರೆ ಬೆಳೆಗೆ ಜಾಗವಿಲ್ಲ.

*

ತಕರಾರು ಎಂದದ್ದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿ ಹಾಲಿನ ಲಾರಿ ಚಾಲಕರು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋದರು. ಓವರ್‌ಟೈಮ್ ಸಿಗದ ಕೆಲಸಗಳ ಪಟ್ಟಿಯಲ್ಲಿ ಕೊನೆಯ ‘ಅಥವಾ’ದ ಹಿಂದೆ ಕಾಮಾ ಇರಲಿಲ್ಲ. ಹಾಗಾಗಿ ಅದು ‘ಸಾಗಣೆಗೆ ಕಟ್ಟುವುದು, ಅಥವಾ ಹಂಚುವುದು’ ಎಂದೋ, ‘ಸಾಗಣೆಗೆ ಅಥವಾ ಹಂಚಿಕೆಗೆ ಕಟ್ಟುವುದು’ ಎಂದೋ ತಿಳಿಯದಾಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಮೇಲಿನ ಎರಡು ಕನ್ನಡ ರೂಪಗಳನ್ನು ಇನ್ನೊಮ್ಮೆ ಓದಿ. ನಮ್ಮಲ್ಲಿ ‘ಹಂಚಿಕೆಗೆ’ ಎಂಬುದರ ‘ಗೆ’ಯೇ ಜಗಳ ಬಿಡಿಸಿಬಿಡುತ್ತದೆ, ವಕೀಲರಿಗೆ ಕೆಲಸವಿಲ್ಲ.

*

ಇಂಗ್ಲಿಷ್ ಚಿಹ್ನೆಯಲ್ಲಿ ಹೇಳುವ ಎಷ್ಟೋ ಮಾತನ್ನು ಕನ್ನಡ ಪ್ರತ್ಯಯದಲ್ಲೋ ಪದದಲ್ಲೋ ಹೇಳುತ್ತದೆ. ‘ಬಂದನಾ’ ಎಂದಾಗಲೇ ಪ್ರಶ್ನೆ ಮುಗಿಯಿತು. ‘ಎಂದು’ ಬಂದಾಗಲೇ ಇನ್ನೊಬ್ಬರ ಮಾತು ಮುಗಿಯಿತು. ‘ಅಕ್ಕನೂ ಭಾವನೂ ಮಕ್ಕಳೂ’ ಎಂದರೆ ನಡುವೆ ಕಾಮಾ ಬೇಕೆಂದು ಯಾರ ಬಾಯಿಗೂ ಅನಿಸುವುದಿಲ್ಲ. ನಮ್ಮ ಮಕ್ಕಳು ಇಂಗ್ಲಿಷ್ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಮರೆಯುವುದು ಸೋಮಾರಿತನದಿಂದ ಎಂದು ಬೈಯುವ ಮೇಷ್ಟ್ರು ಇದನ್ನೊಮ್ಮೆ ಯೋಚಿಸಬೇಕು. ಮಗುವಿನ ಕಿವಿಯಲ್ಲಿ ಪ್ರಶ್ನೆ ಆಗಲೇ ಕೇಳಿಸಿ ಆಗಿದೆ. ಚಿಹ್ನೆ ಅದಕ್ಕೆ ಎರಡನೆಯ ಸಲ ಹೇಳಿದಂತೆ.

*

ರಜೆ ಅರ್ಜಿ. ಗೆರೆ ಹಾಳೆ, ಎಡಗಡೆ ಬೆರಳಗಲದ ಮಾರ್ಜಿನ್. ‘ಸಬ್ಜೆಕ್ಟ್’ ಮುಂದೆ ಎರಡು ಚುಕ್ಕೆ, ಅದರ ಮುಂದೆ ಒಂದು ಅಡ್ಡಗೆರೆ. ‘ರೆಸ್ಪೆಕ್ಟೆಡ್ ಸರ್’ ಮುಂದೆ ಬಾಲ ಎಳೆದ ಕಾಮಾ. ಜ್ವರ ಬಂದ ವಿಷಯ, ಅಮ್ಮ ಕೆ.ಆರ್. ಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋಗುವ ವಿಷಯ, ಎರಡು ದಿನದ ರಜೆ, ಎಲ್ಲ ಒಂದೇ ಉಸಿರಿನಲ್ಲಿ, ನಡುವೆ ಫುಲ್‌ಸ್ಟಾಪ್ ಇಲ್ಲ. ಕೊನೆಯಲ್ಲಿ ‘ಯುವರ್ಸ್’ನ ಎಸ್ ಹಿಂದೆ, ಯಾರೂ ಕೇಳದಿದ್ದರೂ, ಒಂದು ಅಪಾಸ್ಟ್ರಫಿ. ಅದು ತಪ್ಪು, ನಿಜ. ಆದರೆ ಆ ಹಾಳೆಯಿಂದ ಮೇಷ್ಟ್ರಿಗೆ ತಿಳಿಯಬೇಕಾದ್ದೆಲ್ಲ ತಿಳಿಯಿತು. ರಜೆ ಕೊಟ್ಟು ಆಮೇಲೆ ತಿದ್ದಲಿ.

*

ಅಪಾಸ್ಟ್ರಫಿಯಲ್ಲಿ ಎಡವುವವರು ನಾವು ಮಾತ್ರ ಎಂದುಕೊಂಡು ನಾಚುವುದು ಬೇಡ. ಲಂಡನ್ನಿನ ಮೆಟ್ರೊದಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣದ ಹೆಸರಿಗೆ ಅದು ಇದೆ, ಹತ್ತಿರದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ರೈಲು ಎರಡೂ ಕಡೆ ನಿಲ್ಲುತ್ತದೆ.

*

ಅಮೆರಿಕದವರು ‘ಮಿಸ್ಟರ್’ ಸಂಕ್ಷೇಪದ ಮುಂದೆ ಚುಕ್ಕೆ ಇಡುತ್ತಾರೆ. ಇಂದಿನ ಬ್ರಿಟಿಷರು ಸಾಮಾನ್ಯವಾಗಿ ಇಡುವುದಿಲ್ಲ. ನಾವು ಒಂದೇ ಹಾಳೆಯಲ್ಲಿ ಎರಡನ್ನೂ ಮಾಡುತ್ತೇವೆ. ಯಾವುದಾದರೂ ಒಂದಕ್ಕೆ ಅಂಟಿಕೊಂಡರೆ ಸಾಕು.

*

ಹೆದ್ದಾರಿ ಪಕ್ಕದ ಹೋಟೆಲಿನ ಬೋರ್ಡಿನಲ್ಲಿ ‘ಶುದ್ಧ’ ಎಂಬ ಮಾತಿಗೆ ಇನ್ವರ್ಟೆಡ್ ಕಾಮಾ ಹಾಕಿರುತ್ತಾರೆ, ಒತ್ತಿ ಹೇಳುವುದಕ್ಕೆ. ಇಂಗ್ಲಿಷ್ ಬಲ್ಲವನು ಅದನ್ನು ಓದಿ ಅನುಮಾನಪಟ್ಟು ಮುಂದಿನ ಹೋಟೆಲಿಗೆ ಹೋಗುತ್ತಾನೆ.

*

ಕೆ.ಆರ್. ಪೇಟೆ, ಕೆ.ಆರ್. ನಗರ, ಕೆ.ಆರ್. ಪುರಂ, ಕೆ.ಆರ್.ಎಸ್. ಎಲ್ಲದರಲ್ಲೂ ಮೊದಲಿಗೆ ಅದೇ ಎರಡು ಅಕ್ಷರ, ಎರಡು ಚುಕ್ಕೆ. ಹಿಂದೆ ಅಡಗಿ ಕೂತವರು ಕೃಷ್ಣರಾಜರು. ಚುಕ್ಕೆ ಅಷ್ಟು ದೊಡ್ಡ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಹಿಡಿಸಿಬಿಟ್ಟಿತು.

*

ಚುಕ್ಕೆಯ ಹಿಂದೆ ಅಡಗುವುದು ಅರಸರಷ್ಟೇ ಅಲ್ಲ. ಬಿ.ಎಂ.ಶ್ರೀ. ಅವರ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ. ಎ.ಎನ್. ಮೂರ್ತಿರಾಯರ ‘ಎ’ ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು. ಇವರಲ್ಲಿ ಶ್ರೀಯವರೂ ಮೂರ್ತಿರಾಯರೂ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರುಗಳು; ಚುಕ್ಕೆ ಎಲ್ಲಿಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲುಕೋಟೆಯ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ಯರು ಮಾತ್ರ ಇಂಗ್ಲಿಷಿನ ‘ಪಿ’, ‘ಟಿ’ ಬಿಟ್ಟು ಕನ್ನಡದ ಅಕ್ಷರಗಳಿಗೇ ಚುಕ್ಕೆ ಇಟ್ಟು ಪು.ತಿ.ನ. ಆದರು. ನನಗೆ ಅವರ ದಾರಿಯೇ ಇಷ್ಟ.

*

ಊರನ್ನು ಹೆಸರಿನ ತಲೆಯ ಮೇಲೆ ಹೊತ್ತು ತಿರುಗುವ ಈ ಪದ್ಧತಿ ಇಂದಿನ ಅರ್ಜಿಗಳಿಗೆ ಅರ್ಥವಾಗುವುದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್‌ಗೆ ಜಾಗವಿಲ್ಲ, ಬಿಡಿಸಿ ಬರೆಯಬೇಕು. ಪ್ಯಾನ್ ಅರ್ಜಿಯೂ ಹಾಗೆಯೇ. ಅಂಕಪಟ್ಟಿಯಲ್ಲಿ ಚುಕ್ಕೆ, ಆಧಾರ್‌ನಲ್ಲಿ ಚುಕ್ಕೆಯಿಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಹೆಸರಿನ ಕೊನೆಗೆ ಹೋಗಿದೆ. ಒಬ್ಬಳೇ ಹುಡುಗಿ ಮೂರು ಮಂದಿಯಾಗಿ ಕೌಂಟರಿನ ಮುಂದೆ ನಿಲ್ಲುತ್ತಾಳೆ.

*

ಈ ವರ್ಷ ಮಗುವನ್ನು ಶಾಲೆಗೆ ಸೇರಿಸುವವರಿಗೆ ಒಂದು ಮಾತು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ, ಮೂರರಲ್ಲೂ ಇನಿಶಿಯಲ್ ಬಿಡಿಸಿ ಒಂದೇ ಕಾಗುಣಿತದಲ್ಲಿ ಬರೆಸಿ. ಇಂಗ್ಲಿಷಿನ ಪ್ರತಿ ಅಕ್ಷರವನ್ನೂ ನೀವೇ ಕೂತು ನೋಡಿ. ಊರಿನ ಹೆಸರು ಇರಬೇಕೆಂದಿದ್ದರೆ ಊರನ್ನೂ ಪೂರ್ತಿ ಬರೆಸಿ. ಹತ್ತನೆಯ ತರಗತಿಯ ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದಿಸಲು ಹೊರಟರೆ ಅಫಿಡವಿಟ್ಟು, ನೋಟರಿ, ಕಚೇರಿಗಳ ಅಲೆದಾಟ ತಪ್ಪಿದ್ದಲ್ಲ.