ಬಣ್ಣದ ಕೆಳಗಿನ ಬಿರುಕು

ನಾನು ಬಾಡಿಗೆಗಿರುವ ಮನೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರಿನಲ್ಲಿದೆ. ಮೇಲಿನ ಕೋಣೆಯಲ್ಲಿ ನಾನು, ಕೆಳಗೆ ಮನೆಯ ಯಜಮಾನರು. ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದು ನಿವೃತ್ತರಾದ ಅವರಿಗೆ ಈಗ ಎಪ್ಪತ್ತು ದಾಟಿದೆ. ಹೋದ ವಸಂತದಲ್ಲಿ ನಾನು ತಾಳೆಗರಿಗಳ ಫೋಟೋಗಳನ್ನು ಹಿಗ್ಗಿಸಿ ನೋಡುತ್ತ ಹಳಗನ್ನಡ ಕಾವ್ಯವೊಂದರ ಪಾಠ ಸಿದ್ಧಪಡಿಸುತ್ತಿದ್ದಾಗ, ಅವರು ಗ್ಯಾರೇಜಿನಲ್ಲಿ ಮೂರು ಹಳೆಯ ಗಾಲಿಗಳ ಜೊತೆ ಹೆಣಗುತ್ತಿದ್ದರು.

ಅವು ಅವರ ತಂದೆ ಕಟ್ಟಿದ ಕ್ಯಾರವಾನಿನ ಗಾಲಿಗಳು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿದ ನೀರಹನಿಯಂತೆ ಕಾಣುವ ಈ ಪುಟ್ಟ ಗಾಡಿಯನ್ನು ಅಲ್ಲಿ ‘ಟಿಯರ್‌ಡ್ರಾಪ್’ ಎನ್ನುತ್ತಾರೆ. 1930ರ ದಶಕದಲ್ಲಿ ಶುರುವಾದ ಇದು ಎರಡನೇ ಮಹಾಯುದ್ಧ ಮುಗಿದ ಮೇಲೆ ಬಹಳ ಜನಪ್ರಿಯವಾಯಿತು. ಜನಪ್ರಿಯ ಪತ್ರಿಕೆಗಳು ನಕ್ಷೆ ಅಚ್ಚುಹಾಕುತ್ತಿದ್ದವು. ಕೈಕಸುಬು ಬಲ್ಲವರು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಪ್ಲೈವುಡ್ ಹಲಗೆ 4 ಅಡಿ ಅಗಲ, 8 ಅಡಿ ಉದ್ದ ಬರುವುದರಿಂದ ಗಾಡಿಯೂ ಹೆಚ್ಚುಕಡಿಮೆ ಅಷ್ಟೇ. ಒಳಗೆ ಇಬ್ಬರು ಮಲಗಬಹುದು, ನಿಲ್ಲುವಂತಿಲ್ಲ. ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ. ಎಳೆಯುವ ಕಾರಿನ ಗಾಲಿಗಳನ್ನೇ ಇದಕ್ಕೂ ಹಾಕುವುದು ಜಾಣತನ; ಆಗ ಎರಡಕ್ಕೂ ಒಂದೇ ಸ್ಟೆಪ್ನಿ ಸಾಕು.

ಯಜಮಾನರ ಮೊಮ್ಮಗಳು ಬೇಸಿಗೆಯಲ್ಲಿ ಈ ಗಾಡಿ ಎಳೆದುಕೊಂಡು ಕೊಲೊರಾಡೋವರೆಗೆ ಹೋಗುವವಳಿದ್ದಳು. ‘ಅಜ್ಜ, ಗಾಲಿ ಮಾತ್ರ ಮುತ್ತಜ್ಜ ಹಾಕಿದ್ದೇ ಇರಲಿ’ ಎಂಬುದು ಅವಳ ಕೋರಿಕೆ. ಅವರಿಗೂ ಅದೇ ಆಸೆ. ಗಾಲಿಗಳ ಮೇಲೆ ತಂದೆ ತಾವೇ ಬಳಿದ ಕಡುಹಸಿರು ಬಣ್ಣ ಇನ್ನೂ ಇತ್ತು. ಒಳಮಗ್ಗುಲಲ್ಲಿ ಅವರು ಬ್ರಷ್ಷಿನಲ್ಲೇ ಬರೆದ ಮೊದಲಕ್ಷರಗಳಿದ್ದವು. ಆದರೆ ಚಳಿಗಾಲದಲ್ಲಿ ಹಿಮ ಕರಗಿಸಲು ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಉಪ್ಪು ಉಂಡ ಕಬ್ಬಿಣ ಬಣ್ಣದ ಅಡಿಯಲ್ಲೇ ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ್ದು ಕಣ್ಣಿಗೆ ಕಾಣುತ್ತದೆ; ವರ್ಷಗಟ್ಟಲೆ ಭಾರ ಹೊತ್ತು ದಣಿದ ಉಕ್ಕಿನಲ್ಲಿ, ಬೋಲ್ಟಿನ ತೂತುಗಳ ಸುತ್ತ ಹುಟ್ಟುವ ಕೂದಲೆಳೆಯ ಬಿರುಕು ಕಾಣುವುದಿಲ್ಲ. ಅದನ್ನು ಹುಡುಕಬೇಕಾದರೆ ಬಣ್ಣ ತೆಗೆಯಲೇಬೇಕು. ಅಪ್ಪನ ಕೈಗುರುತು ಉಳಿಸಿಕೊಂಡರೆ ಗಾಲಿಯ ಸ್ಥಿತಿ ತಿಳಿಯುವುದಿಲ್ಲ. ತಿಳಿಯಹೊರಟರೆ ಕೈಗುರುತು ಹೋಗುತ್ತದೆ. ಅವರು ಒಂದು ವಾರ ಏನೂ ಮಾಡದೆ ಗ್ಯಾರೇಜಿನಲ್ಲಿ ಸುಮ್ಮನೆ ಕೂತರು.

ಕೊನೆಗೆ ಬೋಲ್ಟಿನ ತೂತುಗಳ ಸುತ್ತ ಮಾತ್ರ ಬಣ್ಣ ಕರಗಿಸುವ ದ್ರಾವಣ ಹಚ್ಚಿದರು. ‘ಮೊದಲೇ ಮರಳು ಹೊಡೆಸಿಬಿಟ್ಟರೆ ಆ ಏಟಿಗೆ ಬಿರುಕಿನ ಬಾಯಿಯೇ ಮುಚ್ಚಿಹೋಗಬಹುದು’ ಎಂದರು. ಆಮೇಲೆ ಕೆಂಪು ದ್ರವವೊಂದನ್ನು ಬಳಿದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದರು. ಎರಡು ಗಾಲಿಗಳು ಬೆಳ್ಳಗೇ ಉಳಿದವು. ಮೂರನೆಯದರಲ್ಲಿ ಒಂದು ತೂತಿನಿಂದ ಇನ್ನೊಂದರ ಕಡೆಗೆ ಸಣ್ಣ ಕೆಂಪು ಗೆರೆ ನಿಧಾನವಾಗಿ ಮೂಡಿತು. ತಾಳೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರ ಬರಿಗಣ್ಣಿಗೆ ಅಸ್ಪಷ್ಟ. ಮಸಿ ತಿಕ್ಕಿ ಒರೆಸಿದಾಗ ಗೀರಿನೊಳಗೆ ಉಳಿದ ಕಪ್ಪು ಅಕ್ಷರವಾಗಿ ಏಳುತ್ತದೆ. ನನ್ನ ಮುಂದೆ ನಡೆದದ್ದೂ ಅದೇ ಆಗಿತ್ತು. ಒಂದು ಬಣ್ಣ ಮುಚ್ಚಿದ್ದನ್ನು ಇನ್ನೊಂದು ಬಣ್ಣ ಓದಿ ಹೇಳಿತು.

ಅವರು ವಿಚಾರಿಸಿದ ವೆಲ್ಡಿಂಗ್ ಅಂಗಡಿಯಲ್ಲಿ ‘ಬೆಸೆದು, ಉಜ್ಜಿ, ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗಲ್ಲ’ ಎಂದರಂತೆ. ಬೆಸುಗೆಯ ಕಾವಿಗೆ ಪಕ್ಕದ ಉಕ್ಕಿನ ಗುಣ ಬದಲಾಗಿ ಅಲ್ಲೇ ಮತ್ತೆ ಬಿಡಬಹುದೆಂದು ಇವರಿಗೆ ಗೊತ್ತು. ‘ಯಾರಿಗೂ ಗೊತ್ತಾಗಲ್ಲ ಅನ್ನೋದೇ ತೊಂದರೆ’ ಎಂದು ವಾಪಸ್ ಬಂದರು.

ತತ್ತ್ವಶಾಸ್ತ್ರದ ತರಗತಿಯಲ್ಲಿ ಇಂಥ ಸಂದರ್ಭಕ್ಕೆ ಥೀಸಿಯಸ್‌ನ ಹಡಗನ್ನು ಎಳೆದು ತರುತ್ತೇವೆ. ಅಥೆನ್ಸಿನವರು ಅದರ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರು, ಉಳಿದದ್ದು ಅದೇ ಹಡಗೇ ಎಂದು ತಾತ್ತ್ವಿಕರು ವಾದಿಸಿದರು ಎನ್ನುತ್ತಾನೆ ಪ್ಲುಟಾರ್ಕ್. ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು ಎಂದು 17ನೇ ಶತಮಾನದಲ್ಲಿ ಹಾಬ್ಸ್ ಗಂಟನ್ನು ಬಿಗಿಮಾಡಿದ. ನಮ್ಮ ಕಡೆಯ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ರಾಜನನ್ನು ಕೇಳುವುದು ರಥದ ಬಗ್ಗೆ: ಅಚ್ಚು ರಥವೇ? ಗಾಲಿ ರಥವೇ? ಯಾವುದೂ ಅಲ್ಲ, ಅವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ.

ಈ ಪ್ರಶ್ನೆಗಳೆಲ್ಲ ಸೊಗಸಾಗಿವೆ. ಆದರೆ ಗ್ಯಾರೇಜಿನಲ್ಲಿ ನಿಂತಾಗ ಇವು ಸ್ವಲ್ಪ ಬಿಡುವಿನ ಪ್ರಶ್ನೆಗಳೆನಿಸಿದವು. ‘ಇದು ಅದೇನಾ?’ ಎಂದು ಕೇಳುವವನು ದಡದಲ್ಲಿ ನಿಂತು ಹಡಗು ನೋಡುವವನು. ಹಡಗು ಹತ್ತುವವನ ಪ್ರಶ್ನೆ ಬೇರೆ: ‘ಇದರಲ್ಲಿ ಏನು ಬದಲಾಗಿದೆ, ನನಗೆ ಯಾಕೆ ಹೇಳಲಿಲ್ಲ?’ ಮೊದಲನೆಯದು ವಸ್ತುವಿನ ಅಸ್ಮಿತೆಯ ಪ್ರಶ್ನೆ, ಎರಡನೆಯದು ಮನುಷ್ಯರ ನಡುವಿನ ನಂಬಿಕೆಯ ಪ್ರಶ್ನೆ. 1849ರಲ್ಲಿ ಜಾನ್ ರಸ್ಕಿನ್ ಕಟ್ಟಡಗಳ ಜೀರ್ಣೋದ್ಧಾರವೆಂಬುದೇ ಸುಳ್ಳು ಎಂದು ಸಿಡುಕಿದ್ದ. ಅಷ್ಟು ದೂರ ಹೋಗಬೇಕಿಲ್ಲ. ಸ್ಮಾರಕ ಸಂರಕ್ಷಣೆಯ ಬಗ್ಗೆ 1964ರ ವೆನಿಸ್ ಸನ್ನದು ಹೇಳಿದ್ದು ನನಗೆ ಹೆಚ್ಚು ಹತ್ತಿರ: ಹೊಸದಾಗಿ ಸೇರಿಸಿದ್ದು ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತಿಸಲೂ ಬರಬೇಕು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು ಸಂಪಾದಿಸುತ್ತಿದ್ದ ಕಾವ್ಯದ ಒಂದು ಕಂದಪದ್ಯದಲ್ಲಿ ಗರಿ ಮುರಿದು ನಾಲ್ಕು ಅಕ್ಷರ ಹೋಗಿದ್ದವು. ಮಾತ್ರೆ ಎಣಿಸಿ, ಪ್ರಾಸ ನೋಡಿ, ಒಂದು ಪದ ಕೂಡಿಸಿದೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಕವಿಯೇ ಬರೆದಂತಿತ್ತು. ಆ ಹೆಮ್ಮೆಯಲ್ಲಿ ಆವರಣ ಚಿಹ್ನೆ ಹಾಕದೆ ಬಿಟ್ಟಿದ್ದೆ. ಮರೆತದ್ದಲ್ಲ, ಬಿಟ್ಟದ್ದು. ಊಹಿಸಿದ್ದನ್ನು ಊಹೆಯೆಂದು ತೋರಿಸಬೇಕೆಂಬುದು ಗ್ರಂಥ ಸಂಪಾದನೆಯ ಮೊದಲ ಪಾಠ. ಆದರೂ ಆ ಹಸ್ತಪ್ರತಿಯನ್ನು ಮತ್ತೆ ಯಾರು ತೆರೆಯುತ್ತಾರೆ, ಯಾರಿಗೂ ಗೊತ್ತಾಗಲ್ಲ ಎಂದುಕೊಂಡಿದ್ದೆ.

ಪದ್ಯ ತಪ್ಪಿದರೆ ಯಾರೂ ಸಾಯುವುದಿಲ್ಲ, ಗಾಲಿ ಬಿಟ್ಟರೆ ಸಾಯಬಹುದು ಎಂದು ನೀವು ಹೇಳಬಹುದು. ನಿಜ, ಎರಡೂ ಒಂದೇ ತೂಕದವಲ್ಲ. ಹಾಗೆಯೇ ಪ್ರತಿಯೊಂದು ತೇಪೆಯೂ ಕೂಗಿ ಹೇಳಿಕೊಳ್ಳಬೇಕಿಲ್ಲ. ಅಮ್ಮ ಕೌದಿಗೆ ಹಾಕಿದ ಹೊಲಿಗೆ ಕಾಣದಿದ್ದರೆ ಅದು ಅವಳ ಕೈಚಳಕ, ಮೋಸವಲ್ಲ. ನನಗೆ ಕಾಣುವ ಗೆರೆ ಇದು: ನಾನು ರಿಪೇರಿ ಮಾಡಿದ ಜಾಗದ ಮೇಲೆ ಇನ್ನೊಬ್ಬರು ಭಾರ ಹಾಕುತ್ತಾರೆಯೇ? ಹಾಕುವುದಾದರೆ ಅದು ಅವರಿಗೆ ಗೊತ್ತಿರಬೇಕು. ಆ ಪದದ ಮೇಲೆ ನಾಳೆ ಯಾರೋ ಕವಿಯ ಕಾಲ ನಿರ್ಣಯಿಸಬಹುದು, ಇನ್ಯಾರೋ ನಿಘಂಟಿಗೆ ಉದಾಹರಣೆ ಎತ್ತಿಕೊಳ್ಳಬಹುದು. ಅದೂ ಭಾರವೇ. ಆ ರಾತ್ರಿ ಕಡತ ತೆರೆದು ಎರಡು ಚೌಕ ಆವರಣ ಸೇರಿಸಿದೆ. ಪದ್ಯ ಈಗ ಮೊದಲಿನಷ್ಟು ಅಂದವಾಗಿಲ್ಲ.

ಗಟ್ಟಿಯಿದ್ದ ಎರಡು ಗಾಲಿಗಳಿಗೆ ಮರಳು ಹೊಡೆಸಿ, ಪ್ರೈಮರ್ ಹಾಕಿ, ಅದೇ ಹಸಿರು ಬಳಿದರು. ಸ್ಟೆಪ್ನಿಗೆ ಹೊಸ ಗಾಲಿ ಕೊಂಡರು. ಅದಕ್ಕೆ ಹಸಿರು ಹಚ್ಚದೆ ಬೂದುಬಣ್ಣದಲ್ಲೇ ಬಿಟ್ಟು, ಒಳಮಗ್ಗುಲಲ್ಲಿ ವರ್ಷ ಮತ್ತು ತಮ್ಮ ಮೊದಲಕ್ಷರ ಬರೆದರು. ಮೊಮ್ಮಗಳನ್ನು ಕೂರಿಸಿಕೊಂಡು ಯಾವುದು ಹಳೆಯದು, ಯಾವುದು ಹೊಸದು, ಎಷ್ಟು ಮೈಲಿಗೊಮ್ಮೆ ಬೋಲ್ಟ್ ಬಿಗಿಮಾಡಬೇಕು ಎಂದೆಲ್ಲ ಹೇಳಿದರು. ಅವಳಿಗೆ ಸ್ವಲ್ಪ ಬೇಜಾರಾಯಿತು, ಆದರೂ ಬರೆದುಕೊಂಡಳು.

ಬಿರುಕು ಬಿಟ್ಟ ಗಾಲಿ ಈಗ ಗ್ಯಾರೇಜಿನ ಗೋಡೆಗೆ ನೇತುಬಿದ್ದಿದೆ. ನಡುವಿನ ತೂತುಗಳ ಸುತ್ತ ಬರಿಯ ಉಕ್ಕು, ಕೆಂಪು ಗೆರೆ. ಉಳಿದಲ್ಲೆಲ್ಲ ಅಪ್ಪ ಬಳಿದ ಹಸಿರು. ರಸ್ತೆಗಿಳಿದ ಎರಡರ ಮೇಲೆ ಅವರ ಬಣ್ಣ ಚೂರೂ ಇಲ್ಲ. ಅವರ ಮೊದಲಕ್ಷರಗಳು ಉಳಿದಿರುವುದು ಓಡಲಾರದ ಆ ಒಂದರ ಮೇಲೆ ಮಾತ್ರ.