ಇಲಿ ಹಿಡಿಯದ ಬೆಕ್ಕು

"ಇಲಿ ಹಿಡಿಯುವ ಕಾಲ ಮುಗಿಯಿತಲ್ಲ, ಇನ್ನೂ ಏಕೆ ಇದಕ್ಕೆ ಇಷ್ಟೊಂದು ಉಪಚಾರ?" ಎಂದರು ಪಕ್ಕದ ಮನೆಯವರು. ಉಪಯೋಗ ಮುಗಿದ ಮೇಲೆ ಋಣವೂ ಮುಗಿಯುತ್ತದೆಯೇ? ಹಾಗಾದರೆ ನಮ್ಮ ಹೆಂಗಸರ ಗತಿಯೇನು, ಹೇಳಿ!

ನಮ್ಮ ಬೆಕ್ಕಿಗೆ ಈಗ 16 ವರ್ಷ. ಬೆಕ್ಕಿನ ಮೈಬಿಸಿ ನಮ್ಮದಕ್ಕಿಂತ ಹೆಚ್ಚು, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಮುಪ್ಪಿನಲ್ಲಿ ಮಾಂಸ ಕರಗಿ, ಕೀಲು ಬಿಗಿದಾಗ ಆ ಬಿಸಿ ಕಾಪಾಡಿಕೊಳ್ಳುವುದೇ ಕಷ್ಟ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಅದು ಬಚ್ಚಲೊಲೆಯ ಮಗ್ಗುಲು ಹುಡುಕುವುದು ಸೋಮಾರಿತನವಲ್ಲ. ಹಳೆಯ ಹತ್ತಿಸೀರೆ ಮಡಿಸಿ ಹಾಸಿ, ಬಿಸಿನೀರಿನ ಚೀಲಕ್ಕೆ ಟವೆಲ್ ಸುತ್ತಿ ಒಂದು ಬದಿಗೆ ಮಾತ್ರ ಇಡುತ್ತೇನೆ. ಸೆಕೆಯಾದರೆ ಸರಿದು ಮಲಗಲು ಜಾಗ ಬೇಕಲ್ಲ! ಪಾಪ ಎಂದು ನಮ್ಮ ನೋವಿನ ಮಾತ್ರೆ ಮಾತ್ರ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಅತ್ತೆಯವರ ಮಂಡಿನೋವಿಗೂ ಅದೇ ಚೀಲ. "ಮೊದಲು ಅದಕ್ಕೆ ಕೊಡು ಮಾರಾಯ್ತಿ, ನಾನಾದರೆ ಬಾಯಿಬಿಟ್ಟು ಕೇಳಬಲ್ಲೆ" ಎನ್ನುತ್ತಾರೆ. ಕೇಳಲಾರದವರ ಪಾಲು ಮೊದಲೋ, ಕೇಳಬಲ್ಲವರೂ ಸಂಕೋಚದಿಂದ ಸುಮ್ಮನಿರುವುದಿಲ್ಲವೋ? ಅತ್ತೆಯವರಷ್ಟು ಸಲೀಸಾಗಿ ನನಗೆ ಇದು ಬಗೆಹರಿಯದು. ಮೊನ್ನೆ ಪೇಟೆಯಿಂದ ಇನ್ನೊಂದು ಚೀಲ ತಂದೆ.