ಬೇರು ಕಿತ್ತವರು ಯಾರು?

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರು ಮಂಜು ನೋಡ್ತಾರೆ, ದೇವರಿಗೆ ಕೈ ಮುಗೀತಾರೆ, ಸರ್ಕಾರಿ ಬಸ್ಸು ಹತ್ತಿ ಇಳಿದು ಬರ್ತಾರೆ. ಆ ಬೆಟ್ಟ ನಿಂತಿರುವ ಚಾಮರಾಜನಗರ ಜಿಲ್ಲೆಯ ಕಾಡುಗಳಲ್ಲಿ, ಕಲ್ಲುಸಂದಿಗಳಲ್ಲಿ ಬೇರಿಳಿಸುವ ಒಂದು ಬಳ್ಳಿಪೊದೆಯಿದೆ. ಮಾಗಳಿ ಅಂತಾರೆ, ಕೆಲವರು ಮಾಕಳಿ ಅಂತಾರೆ. ದಕ್ಷಿಣ ಭಾರತ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಅದು ತಾನಾಗಿ ಹುಟ್ಟುವುದಿಲ್ಲ. ಈಗ ಅಳಿವಿನ ಅಪಾಯದಲ್ಲಿರುವ ಗಿಡಗಳ ಪಟ್ಟಿ ಸೇರಿದೆ.

ಅದರ ಬೆಲೆಯೆಲ್ಲ ಘಮಘಮಿಸುವ ಬೇರಿನಲ್ಲಿದೆ. ಬೇರನ್ನೆಲ್ಲ ಅಗೆದರೆ ಗಿಡ ಸತ್ತಂತೆ. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು ಹಾಕಿದ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯದ ಮನೆಗಳಿವೆ. ಬೇರು ಅಗೆದ ಕೈಗೆ ಆ ಅಡುಗೆಮನೆಯ ಹೊಸಿಲು ದಾಟುವ ಅಪ್ಪಣೆ ಇರಲಿಲ್ಲ. ಅದೇ ಕೈ ಮುಟ್ಟಿದ ಬೇರು ಮಾತ್ರ ತೊಳೆದರೆ ಶುದ್ಧವಾಯಿತು!

ಈಗ ಗಿಡ ಅಪರೂಪವಾಗಿದೆ. ತಪ್ಪು ಯಾರದು? ಬೆರಳು ಮೊದಲು ಹೋಗುವುದು ಗುದ್ದಲಿ ಹಿಡಿದವನ ಕಡೆಗೆ. ಜಾಡಿ ಇಟ್ಟುಕೊಂಡವರನ್ನು ಯಾರೂ ಕೇಳುವುದಿಲ್ಲ. 1972ರ ವನ್ಯಜೀವಿ ಕಾಯ್ದೆ, 1973ರ ಹುಲಿ ಯೋಜನೆ ಬಂದಮೇಲೆ ಬಂಡೀಪುರದ ಕಾಡೊಳಗಿದ್ದ ಜೇನುಕುರುಬರು, ಸೋಲಿಗರು ಕಾಡಂಚಿಗೆ ಬಿದ್ದರು. ತಾತನ ಕಸುಬು ಮೊಮ್ಮಗನ ಕಾಲಕ್ಕೆ ಕಳ್ಳತನವಾಯಿತು.

ಕಾಡಿನವರು ತಪ್ಪೇ ಮಾಡರು ಅಂತ ನಾವು ಹೇಳುತ್ತಿಲ್ಲ. ತೂಕಕ್ಕಿಷ್ಟು ಅಂತ ಕಾಸು ಕೊಡುವ ವ್ಯಾಪಾರಿ ಕಾದಿದ್ದಾಗ, ಮನೇಲಿ ಮಕ್ಕಳು ಹಸಿದಿದ್ದಾಗ, ಮುಂದಿನ ವರ್ಷಕ್ಕೆ ಅಂತ ನಾಲ್ಕು ಬೇರು ನೆಲದಲ್ಲೇ ಬಿಟ್ಟು ಬರೋದು ಯಾರಿಗೂ ಸುಲಭವಲ್ಲ. ನಾಳೆ ಈ ಕಾಡಿಗೆ ತನ್ನನ್ನು ಬಿಡ್ತಾರೋ ಇಲ್ಲವೋ ಗೊತ್ತಿಲ್ಲದವನು ಯಾವ ನಾಳೆಗೆ ಅಂತ ಬಿಡಬೇಕು? ಹಕ್ಕು ಕಸಿದುಕೊಂಡು ಹೊಣೆ ಮಾತ್ರ ಹೊರಿಸುವುದನ್ನು ನಾವು ನೀತಿ ಅಂತ ಒಪ್ಪುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇಂಥ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ಅವನ್ನು ಆಯ್ದು ಬದುಕಿದವರಿಗೇ ಕೊಟ್ಟಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು ಸಮುದಾಯದ ಹಕ್ಕುಪತ್ರ ಪಡೆದವು. ಕಾಗದ ಬಂದ ಮಾತ್ರಕ್ಕೆ ಬೇರು ಚಿಗುರುವುದಿಲ್ಲ, ನಿಜ. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ಎಷ್ಟು ವರ್ಷ ಮುಟ್ಟಬಾರದು ಅಂತ ಜನ ಕೂತು ತೀರ್ಮಾನಿಸಲು ಮೊದಲು ಆ ಕಾಡು ಅವರದಾಗಿರಬೇಕು. ಆಮೇಲೆ ತಪ್ಪಿದರೆ ಕೇಳೋಣ, ಗಟ್ಟಿಯಾಗಿಯೇ ಕೇಳೋಣ.

ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮದೊಂದು ವಿನಂತಿ. ಅಳಿಯುತ್ತಿರುವ ಗಿಡಗಳ ಪಾಠ ಮಾಡುವಾಗ ಮಾಗಳಿಯ ಹೆಸರು ಹೇಳಿ. ಅಗೆದವರಿಗೆ ಎಷ್ಟು ಸಿಕ್ಕಿತು, ಮಾರಿದವರಿಗೆ ಎಷ್ಟು ಸಿಕ್ಕಿತು, ಉಂಡವರು ಯಾರು ಅನ್ನುವ ಲೆಕ್ಕವನ್ನೂ ಮಕ್ಕಳ ಕೈಲಿ ಮಾಡಿಸಿ.